ಗುಡ್ಡದ ಹಾಡಿನ ತುಂಡು

ಹಂಪಮ್ಮ ಕಣ್ಣಿನ ಆಪರೇಷನ್‌ಗೆ ಒಪ್ಪಿದ್ದು ಸಿನಿಮಾದ ಸಲುವಾಗಿ. ಮಗ ಮುರುಗೇಶ ಮೂರು ವರ್ಷದಿಂದ ಹೇಳಿ ಹೇಳಿ ಸೋತಿದ್ದ. ಎರಡೂ ಕಣ್ಣಿಗೆ ಪೊರೆ ಬೆಳೆದು ಎದುರಿಗೆ ಕೂತವರ ಮುಖವೂ ಮಸುಕಾಗಿತ್ತು. ಆದರೂ ಆಕೆ, "ನೋಡಬೇಕಾದ್ದೆಲ್ಲ ನೋಡೀನಿ, ಇನ್ನೇನೈತಿ ನೋಡಾಕ" ಎಂದು ಮಾತು ಮುಗಿಸಿಬಿಡುತ್ತಿದ್ದಳು. ಯುಗಾದಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತ ಮುರುಗೇಶ, "ಅವ್ವ, 'ನಾರಿಹಳ್ಳದ ನಂಟು' ಮತ್ತ ಬಿಡುಗಡಿ ಮಾಡಾಕತ್ತೀನಿ. ಇಲ್ಲೇ ಹೊಸಪ್ಯಾಟಿ ಟಾಕೀಸಿನ್ಯಾಗ. ನಿನ್ನ ಹೆಸರಿಲೆ" ಎಂದ.

ಹಂಪಮ್ಮನ ಕೈಯಲ್ಲಿದ್ದ ರೊಟ್ಟಿ ತುಂಡು ಪಲ್ಯದ ಬಟ್ಟಲಿನ ಹೊರಗೆ ಬಿತ್ತು.

"ಖರೇನ?"

"ಖರೇ."

"ಹಂಗಾರ ನಡಿ, ಆ ಕಣ್ಣಿನ ಡಾಕ್ಟರ್ ಕಡೆ."

ಸೊಸೆ ಪಂಪಾವತಿ ನಕ್ಕಳು. "ನಾವು ಹೇಳಿದ್ರ ಬ್ಯಾಡ, ಸಿನಿಮಾದಾಕಿ ಕರೆದ್ರ ಬೇಕು ನೋಡು ಮುದುಕಿಗೆ!"

"ಸಿನಿಮಾದಾಕಿ ಅಲ್ಲವಾ. ನಾನೇ ಕರೀತೀನಿ ನನ್ನ."

ಆ ಮನೆಯಲ್ಲಿ ಈ ಕಥೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ನಲವತ್ತು ವರ್ಷಗಳ ಹಿಂದೆ ಕಂಪ್ಲಿಯ ಸಾಹುಕಾರರೊಬ್ಬರು ಸಂಡೂರಿನ ಗುಡ್ಡಗಳಲ್ಲಿ ಒಂದು ಕಪ್ಪು-ಬಿಳುಪು ಚಿತ್ರ ತೆಗೆಸಿದ್ದರು. ಅದರಲ್ಲಿ ಅದಿರಿನ ಬುಟ್ಟಿ ಹೊತ್ತ ಹೆಂಗಸರು ಹಾಡುತ್ತ ಗುಡ್ಡ ಹತ್ತುವ ದೃಶ್ಯವೊಂದು ಬೇಕಿತ್ತು. ಮದರಾಸಿನಿಂದ ಬಂದ ಕುಣಿಯುವ ಹುಡುಗಿಯರಿಗೆ ಬುಟ್ಟಿ ತಲೆಯ ಮೇಲೆ ನಿಲ್ಲಲಿಲ್ಲ. ಬುಟ್ಟಿ ಖಾಲಿ ಮಾಡಿ ಕೊಟ್ಟರೆ ಕುತ್ತಿಗೆ ಸುಳ್ಳು ಹೇಳುತ್ತಿತ್ತು. ಕೊನೆಗೆ ನಿರ್ದೇಶಕರು ಮ್ಯಾಂಗನೀಸ್ ಗಣಿಯ ಕೂಲಿ ಹೆಂಗಸರನ್ನೇ ಸಾಲಾಗಿ ನಿಲ್ಲಿಸಿದರು. ಹಂಪಮ್ಮ, ಅವಳ ಗೆಳತಿಯರಾದ ಕರೆಮ್ಮ ಮತ್ತು ಜಂಬವ್ವ ಮುಂದಿನ ಸಾಲಿನಲ್ಲಿದ್ದರು. ಹಾಡಿನ ನಡುವೆ ಹಂಪಮ್ಮ ನಿಂತು, ಬುಟ್ಟಿ ಇಳಿಸಿ, ಬುಟ್ಟಿಯಡಿ ಬಿಚ್ಚಿಹೋದ ಬಟ್ಟೆಯ ಸಿಂಬಿಯನ್ನು ಮತ್ತೆ ಸುತ್ತಿಕೊಳ್ಳುತ್ತ ಕ್ಯಾಮೆರಾ ಕಡೆ ನೋಡಿ ನಕ್ಕಿದ್ದಳಂತೆ. ಅದನ್ನು ತೆಗೆಯದೆ ಹಾಗೇ ಉಳಿಸಿದ್ದರು. ಚಿತ್ರ ಟೆಂಟಿಗೆ ಬಂದಾಗ ಒಂದೇ ಸಲ ನೋಡಿದ್ದು. ಆಮೇಲೆ ಮದುವೆಯಾಯಿತು, ಮುರುಗೇಶ ಹುಟ್ಟಿದ, ಗಂಡ ಹೋದ, ಮತ್ತೆ ಬುಟ್ಟಿಯೇ ಬಂತು.

ಈಗ ಮುರುಗೇಶನಿಗೆ ಎಂಟು ಲಾರಿಗಳು. ಸಂಡೂರಿನಿಂದ ಅದಿರು ತುಂಬಿಕೊಂಡು ಹಗಲೂ ರಾತ್ರಿಯೂ ಓಡುವ ಸಾವಿರಾರು ಲಾರಿಗಳ ನಡುವೆ ಅವನವೂ ಓಡುತ್ತಿದ್ದವು. ಹೊಸಪೇಟೆಯ ಹೊಸ ಬಡಾವಣೆಯಲ್ಲಿ ಎರಡಂತಸ್ತಿನ ಮನೆ ಎದ್ದಿತ್ತು. ದಿನಕ್ಕೆರಡು ಸಲ ಒರೆಸಿದರೂ ಅದರ ಬಿಳಿಯ ಟೈಲ್ಸಿನ ಮೇಲೆ ಕೆಂಪು ಧೂಳು ಕೂರುತ್ತಿತ್ತು. ಮಗಳು ಸ್ಫೂರ್ತಿಯನ್ನು ಕಂಪ್ಲಿಯ ಅಕ್ಕಿ ಗಿರಣಿಯ ಹಾಲಸ್ವಾಮಿಯವರ ಮಗನಿಗೆ ಕೊಡುವ ಮಾತು ನಡೆದಿತ್ತು. ಮಾತಿನ ಭರದಲ್ಲಿ ಮುರುಗೇಶ, "ನಮ್ಮವ್ವಂದು ಎಮ್ಮಿಗನೂರು ಕಡೆ ಗದ್ದಿ ಮನೆತನರಿ" ಎಂದುಬಿಟ್ಟಿದ್ದ. ಮುದುಕಿ ಹಿಂದೆಯೇ ಕೂತಿದ್ದಳು. ಬೀಗರು ಹೋದ ಮೇಲೆ, "ನನ್ನ ತವರಿನ್ಯಾಗ ಗದ್ದಿ ಇದ್ದದ್ದು ನನಗ ಗೊತ್ತ ಇರಲಿಲ್ಲ ನೋಡಪ" ಎಂದು ಎಲೆ ಅಡಿಕೆ ತಟ್ಟೆ ಎಳೆದುಕೊಂಡಳು.

ಚಿತ್ರದ ನೆಗೆಟಿವ್ ಎಂದೋ ಕಳೆದುಹೋಗಿತ್ತು. ಪೂರ್ತಿಯಾಗಿ ಉಳಿದಿದ್ದು ಕಂಪ್ಲಿ ಸಾಹುಕಾರರ ಮನೆಯ ಒಂದೇ ಪ್ರಿಂಟು. ಮೊಮ್ಮಕ್ಕಳು ಹಕ್ಕಿನ ಸಮೇತ ಅದನ್ನು ಮಾರಿದಾಗ ಮುರುಗೇಶ ಕೊಂಡ. ಅವ್ವನಿಗೆ ಸಂತೋಷವಾಗಲಿ ಎಂಬುದು ನಿಜ. 'ಮಾತೃಶ್ರೀ ಹಂಪಮ್ಮ ಅರ್ಪಿಸುವ' ಎಂದು ಪೋಸ್ಟರಿನಲ್ಲಿ ಕಾಣಲಿ, ಬೀಗರ ಎದುರು ಗತ್ತು ಬರಲಿ ಎಂಬುದೂ ನಿಜ.

ಯುಗಾದಿಗೂ ಮೊದಲು, ಫೆಬ್ರವರಿಯಲ್ಲಿ ಚೆನ್ನೈನ ಸ್ಟುಡಿಯೋದಲ್ಲಿ ಅವನು ಗುಡ್ಡದ ಹಾಡನ್ನು ಮೊದಲ ಸಲ ನೋಡಿದ. ಪಕ್ಕದಲ್ಲಿ ಮೂವರು ಹುಡುಗರು ಚಹಾ ಕುಡಿಯುತ್ತ ನಿಂತಿದ್ದರು. ಪರದೆಯ ಮೇಲೆ ಇಪ್ಪತ್ತೆರಡರ ಹೆಂಗಸೊಬ್ಬಳು ಕುಪ್ಪಸವಿಲ್ಲದ ಮೈಗೆ ಹರಿದ ಸೀರೆ ಬಿಗಿದುಕೊಂಡು, ಮೊಣಕಾಲಿನ ತನಕ ಕೆಸರಾಗಿ, ಅದಿರಿನ ಬುಟ್ಟಿ ಹೊತ್ತು ಏರುತ್ತಿದ್ದಳು. ಮೇಸ್ತ್ರಿಯ ಪಾತ್ರದವನು ಅವಳನ್ನು ಕೋಲಿನಿಂದ ತಿವಿದು, "ನಡೀ ಮುಂದ" ಎಂದ. ಅವಳು ಸಿಂಬಿ ಸುತ್ತಿಕೊಳ್ಳುತ್ತ ನೇರ ಮುರುಗೇಶನ ಕಡೆಗೇ ನಕ್ಕಳು. ಚಹಾದ ಹುಡುಗನೊಬ್ಬ ತಮಿಳಿನಲ್ಲಿ ಏನೋ ಅಂದ. ಉಳಿದಿಬ್ಬರು ನಕ್ಕರು.

"ಈ ಹಾಡು ತೆಗೀರಿ," ಎಂದ ಮುರುಗೇಶ.

"ಪೂರಾ ಹಾಡಾ ಸರ್? ಫೇಮಸ್ ಹಾಡಂತಲ್ಲ?"

"ಪೂರಾ. ಕತ್ತರಿಸಿ ನನ್ನ ಕೈಗೆ ಕೊಡ್ರಿ. ಇಲ್ಲಿ ಬಿಡಬ್ಯಾಡ್ರಿ."

ಅದರ ಜಾಗಕ್ಕೆ ಹಂಪಿಯ ಬಂಡೆಗಳ ಮೇಲೆ ಎಂಟು ಹುಡುಗಿಯರನ್ನು ಮಿಂಚುವ ಲಂಗದಲ್ಲಿ ಕುಣಿಸಿ, ಬಣ್ಣದಲ್ಲೇ ತೆಗೆದ ಹೊಸ ಹಾಡನ್ನು ಸೇರಿಸಿದರು. ಕತ್ತರಿಸಿದ ತುಂಡು ದುಂಡನೆಯ, ಚಪ್ಪಟೆ ಅಲ್ಯೂಮಿನಿಯಂ ಡಬ್ಬಿಯಲ್ಲಿ ಅವನ ಜೊತೆ ಊರಿಗೆ ಬಂತು. ದಾರಿಯಲ್ಲಿ ತುಂಗಭದ್ರೆಗೆ ಎಸೆಯಬೇಕೆಂದುಕೊಂಡಿದ್ದ, ಕೈ ಏಳಲಿಲ್ಲ. ಯಾರಿಗೂ ಹೇಳದೆ ಅಡುಗೆಮನೆಯ ಅಟ್ಟದ ಮೇಲೆ, ಹಳೆ ಪಾತ್ರೆಗಳ ಹಿಂದೆ ಇಟ್ಟ.

ಯುಗಾದಿ ಮುಗಿಯುತ್ತಲೇ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯಲು ಮುರುಗೇಶ ಮಾಳಿಗೆ ಹತ್ತಿದ. ಬಿಸಿಲಲ್ಲಿ ಬಿಳಿ ಪಂಚೆಯ ಮೇಲೆ ಸಂಡಿಗೆ ಒಣಗುತ್ತಿದ್ದವು. ಹಂಪಮ್ಮ ಕೊಡೆಯ ಕೆಳಗೆ ಕೋಲು ಹಿಡಿದು ಕಾಗೆ ಕಾಯುತ್ತಿದ್ದಳು. ಎರಡು ಕಂಬಗಳ ನಡುವೆ ಕಟ್ಟಿದ ಹಗ್ಗದಿಂದ ಕಪ್ಪು ಪಟ್ಟಿಗಳು ಇಳಿಬಿದ್ದು ಗಾಳಿಗೆ ಪಟಪಟ ಎನ್ನುತ್ತಿದ್ದವು. ಕ್ಯಾಸೆಟ್ಟಿನ ಟೇಪು ಕಟ್ಟಿ ಕಾಗೆ ಹೆದರಿಸುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಮುಖಕ್ಕೆ ತಗುಲಿದ ಒಂದನ್ನು ಕೈಯಿಂದ ಸರಿಸಿ, "ಏಳವ್ವ, ಜಲ್ದಿ, ಡಾಕ್ಟರ್ ಕಾಯ್ತಾರ" ಎಂದ.

ಆಪರೇಷನ್ ಚೆನ್ನಾಗಿಯೇ ಆಯಿತು. ಮಾಳಿಗೆ, ಬಿಸಿಲು, ಧೂಳು ಬೇಡವೆಂದರು ವೈದ್ಯರು. ಹಂಪಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಹಾಲ್‌ನಲ್ಲಿ ಕೂತು ಕಂಡದ್ದಕ್ಕೆಲ್ಲ ಹೆಸರಿಡತೊಡಗಿದಳು. "ಎಲಾ, ಸ್ಫೂರ್ತಿ ಮೂಗು ನನ್ನಂಗ ಐತಲ್ಲ. ಪಂಪಾವತಿ, ನಿನಗೂ ಕೂದಲು ಬೆಳ್ಳಗಾಗ್ಯಾವೇನು?" ಸಂಡೂರಿಗೆ ಹೋಗುವ ಲಾರಿಯ ಡ್ರೈವರನ ಕೈಯಲ್ಲಿ ಕರೆಮ್ಮನಿಗೂ ಜಂಬವ್ವನಿಗೂ ಹೇಳಿ ಕಳಿಸಿದಳು: ಸಿನಿಮಾ ಬರುತ್ತದೆ, ಹೊಸ ಸೀರೆ ಉಟ್ಟುಕೊಂಡು ಬರಬೇಕು.

"ಅವರನ್ನ ಯಾಕ ಕರಿಯಾಕ ಹೋದಿ?" ಎಂದ ಮುರುಗೇಶ. "ಅವತ್ತು ಬೀಗರು ಬರ್ತಾರ."

"ಬರ್ಲಿ. ಖುರ್ಚಿ ಭಾಳ ಅದಾವಲ್ಲ ಟಾಕೀಸಿನ್ಯಾಗ."

ಅವನು ಆಗಲೇ ಹೇಳಬಹುದಿತ್ತು. ಲಾರಿಯ ಟೈರ್ ವಿಷಯಕ್ಕೆ ಫೋನು ಬಂತೆಂದು ಎದ್ದು ಹೋದ.

ಮೇ ಕೊನೆಯ ವಾರ ಚಿತ್ರ ತೆರೆಕಂಡಿತು. ಬಾಲ್ಕನಿಯ ಮುಂದಿನ ಸಾಲಿನಲ್ಲಿ ಹಾಲಸ್ವಾಮಿ, ಅವರ ಹೆಂಡತಿ, ಮಗ. ಹಿಂದಿನ ಸಾಲಿನಲ್ಲಿ ಮೂವರು ಮುದುಕಿಯರು. ಪರದೆಯ ಮೇಲೆ 'ಮಾತೃಶ್ರೀ ಹಂಪಮ್ಮ' ಎಂದು ಬಂದಾಗ ಕರೆಮ್ಮ ಬಾಯಿಗೆ ಬೆರಳಿಟ್ಟು ಶಿಳ್ಳೆ ಹೊಡೆದಳು. ಪಂಪಾವತಿ ನಾಚಿಕೊಂಡು ಬೀಗಿತಿಯ ಕಡೆ ನೋಡಿದಳು. ಬೀಗಿತಿಯೂ ನಗುತ್ತಿದ್ದಳು.

"ಈಗ ಬರ್ತೈತಿ, ಈಗ ಬರ್ತೈತಿ," ಎಂದು ಜಂಬವ್ವ ಅರ್ಧ ಸಿನಿಮಾದಿಂದಲೇ ಜಪ ಶುರು ಮಾಡಿದಳು.

"ಆ ಬಾವಿ ಆದ ಮ್ಯಾಲಲೇ. ತಡಿ," ಎಂದಳು ಹಂಪಮ್ಮ.

ಬಾವಿ ಬಂತು. ನಾಯಕಿ ಬಾವಿಯಿಂದ ಕಪ್ಪು-ಬಿಳುಪು ಕೊಡ ಎತ್ತಿಕೊಂಡು ತಿರುಗಿದಳು. ತಿರುಗಿದ ಮರುಕ್ಷಣ ಪರದೆಯೆಲ್ಲ ಗುಲಾಬಿ, ಹಸಿರು. ಎಂಟು ಹುಡುಗಿಯರು ಸೊಂಟ ಕುಣಿಸಿದರು. ಕೆಳಗಿನ ಕ್ಲಾಸಿನಿಂದ ಯಾರೋ ಕೂಗಿದರು: "ಏ, ಗುಡ್ಡದ ಹಾಡು ಎಲ್ಲಿಟ್ಟೀರೋ!" ಇನ್ನೊಬ್ಬ ಚಪ್ಪಲಿಯಿಂದ ಕುರ್ಚಿ ಬಡಿದ. ಹಾಡು ಮುಗಿದು ಚಿತ್ರ ಮುಂದೆ ಹೋಯಿತು.

"ನಮ್ದು ಎಲ್ಲಿ ಹೋತು, ಹಂಪಿ?" ಕರೆಮ್ಮ ಮೆಲ್ಲಗೆ ಕೇಳಿದ್ದು ಮುರುಗೇಶನಿಗೆ ಕೇಳಿಸಿತು.

ಹಂಪಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. "ನನ್ನ ಕೇಳಿದ್ರ? ಹೊಸಾ ಕಣ್ಣು, ನನಗೇನು ಸರಿ ಕಾಣಂಗಿಲ್ಲ. ಹೋಗಿರಬೇಕು, ನಾವ ನೋಡ್ಲಿಲ್ಲ."

"ನನ್ನ ಕಣ್ಣು ಛಲೋ ಅದಾವಲ್ಲೇ!"

"ಸುಮ್ಕಿರಲೇ. ಬೀಗರು ಅದಾರ."

ಹೊರಗೆ ಬಂದಾಗ ಹಾಲಸ್ವಾಮಿ ಮುರುಗೇಶನ ಕೈ ಹಿಡಿದುಕೊಂಡರು. "ಎಲ್ಲಾ ಮಸ್ತ್ ಆಗೈತ್ರಿ. ಆದ್ರ ಆ ಗುಡ್ಡದ ಹಾಡು ಯಾಕ ಕಾಣ್ಲಿಲ್ಲ? ನಾನು ಸಣ್ಣಾವಿದ್ದಾಗ ನಮ್ಮಪ್ಪ ಅದನ್ನ ನೋಡಾಕಂತ ಚಕ್ಕಡಿ ಕಟ್ಟಿಸ್ತಿದ್ದ. ಅದರಾಗ ಒಬ್ಬಾಕಿ ಸಿಂಬಿ ಸುತ್ತಿಕೊಂತ ನಗ್ತಾಳಲ್ಲ, ಅದನ್ನ ನೋಡಾಕ ಬಂದಿದ್ದೆ ನಾ."

"ರೀಲು ಕೆಟ್ಟಿತ್ರಿ," ಎಂದ ಮುರುಗೇಶ. "ಹಳೇದು. ಏನೂ ಉಳಿದಿರಲಿಲ್ಲ."

ಕರೆಮ್ಮ, ಜಂಬವ್ವ ಹೊಸ ಸೀರೆಯ ನಿರಿಗೆ ಎತ್ತಿಕೊಂಡು ಸಂಡೂರಿನ ಬಸ್ಸಿಗೆ ಹೊರಟರು. ಮನೆಗೆ ಬಂದು ಊಟ ಮಾಡಿ ಹೋಗಿ ಎಂದು ಯಾರೂ ಕರೆದಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಕಂಪ್ಲಿಯಿಂದ ಐದು ಜನ ಬಂದರು. ಚಿತ್ರರಸಿಕರ ಬಳಗವಂತೆ. ಅವರ ಮುಂದಾಳು ಪಾಲಯ್ಯ, ಟೇಲರು. ಈ ಚಿತ್ರದ ಮಾತುಗಳನ್ನೆಲ್ಲ ಗಂಡು ದನಿಯಲ್ಲೂ ಹೆಣ್ಣು ದನಿಯಲ್ಲೂ ಒಪ್ಪಿಸಬಲ್ಲವನು. ಅವನ ಹಿಂದೆ ಮೂಕಣ್ಣ. ಹೆಸರಿಗೆ ತಕ್ಕಂತೆ ಒಂದು ನಿಮಿಷವೂ ಇರಲಾರದವನು.

"ನಮಗ ಬಣ್ಣ ಬ್ಯಾಡ್ರಿ," ಎಂದ ಮೂಕಣ್ಣ ಕೂರುವ ಮೊದಲೇ. "ಆ ಲಂಗದ ಹುಡುಗ್ಯಾರೂ ಬ್ಯಾಡ. ಹೆಂಗಿತ್ತೋ ಹಂಗ ಬಿಡ್ರಿ. ಗೀರು ಬಿದ್ದಿದ್ರ ಬೀಳ್ಲಿ. ದನಿ ಕರಕರ ಅಂದ್ರ ಅನ್ಲಿ."

"ಬಣ್ಣ ಹಚ್ಚಿದ್ರ ತಪ್ಪೇನ್ರಿ? ಹತ್ತು ಜನ ಬರ್ಲಿ ಅಂತ ಮಾಡೀನಿ."

"ನಿಮ್ಮ ಅಜ್ಜನ ಫೋಟೋಕ್ಕ ಕೂಲಿಂಗ್ ಗ್ಲಾಸ್ ಹಾಕ್ತೀರೇನ್ರಿ?" ಪಾಲಯ್ಯ ಕೇಳಿದ. "ನಾಲ್ಕು ನಿಮಿಷದ ಹಾಡು. ಅದು ನಟನಿ ಅಲ್ರಿ. ಖರೇ ಕೂಲಿ ಹೆಣ್ಣುಮಕ್ಕಳು, ಖರೇ ಬುಟ್ಟಿ. ಅದಿಲ್ಲ ಅಂದ್ರ ಆ ಚಿತ್ರ ಯಾಕ ಬೇಕು?"

"ಆ ರೀಲು ಕೆಟ್ಟಿತ್ರಿ."

"ವರ್ಷಾ ವರ್ಷಾ ನಾವು ನೋಡ್ತಿದ್ವಿ ಸಾಹುಕಾರರ ಮನ್ಯಾಗ. ಹೋದ ದೀಪಾವಳಿಗೂ ನೋಡೀವಿ. ಹೆಂಗ ಕೆಟ್ಟಿತು?"

ಆಗಲೇ ಹಂಪಮ್ಮ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲರಿಗೂ ಕೊಟ್ಟು, ಮೂಕಣ್ಣನಿಗೆ ಸಕ್ಕರೆ ಸಾಕೇ ಎಂದು ಕೇಳಿ ಒಳಗೆ ಹೋದಳು. ಮುಂದಿನ ಭಾನುವಾರ ಮತ್ತೆ ಬರುತ್ತೇವೆ, ಅಷ್ಟರಲ್ಲಿ ಸ್ಟುಡಿಯೋದಲ್ಲಿ ಹುಡುಕಿಸಿ ಎಂದು ಹೇಳಿ ಅವರು ಎದ್ದರು.

ಅಂದು ಮಧ್ಯಾಹ್ನ ಹಂಪಮ್ಮ ಮಗನಿಗೆ ತಾನೇ ಬಡಿಸಿದಳು. ಬದನೆಕಾಯಿ ಎಣ್ಣೆಗಾಯಿ, ಬಿಸಿ ರೊಟ್ಟಿ.

"ಕೆಟ್ಟಿತ್ತೇನು?"

"ಹೂನವ್ವ."

"ಕೆಟ್ಟಿದ್ದು ರೀಲೋ, ನಾನೋ?"

ರಜೆಗೆ ಬಂದಿದ್ದ ಸ್ಫೂರ್ತಿ ತಲೆಯೆತ್ತಿ ಅಪ್ಪನನ್ನು ನೋಡಿದಳು. "ಅಪ್ಪಾ, ನೀನೇ ತೆಗಿಸಿದ್ಯಾ?"

"ಸಲುಗಿ ಜಾಸ್ತಿ ಆತು ನಿಂದು. ಯಾರ ಸಲುವಾಗಿ ತೆಗಿಸೀನಿ? ನಿನ್ನ ಮದುವಿ ಸಲುವಾಗಿ! ಮೈಮ್ಯಾಲೆ ಕುಪ್ಪಸ ಇಲ್ಲ, ಒಬ್ಬಾವ ಕೋಲಿಲೆ ತಿವೀತಾನ. ಬೀಗರು ಕುಂತು ನೋಡಬೇಕೇನು ಅದನ್ನ?"

"ಅವರು ಅದನ್ನ ನೋಡಾಕ ಬಂದಿದ್ರಲ್ಲ!"

"ಅದು ನಿಮ್ಮಜ್ಜಿ ಅಂತ ಗೊತ್ತಿಲ್ಲದ ಬಂದಿದ್ರು!"

ಹಂಪಮ್ಮ ಎಣ್ಣೆಗಾಯಿಯ ಪಾತ್ರೆ ಮುಚ್ಚಿದಳು. "ಆಗ ಕುಪ್ಪಸ ಇರಲಿಲ್ಲ, ಖರೇ," ಎಂದಳು. "ಹಾಕ್ಕೊಳ್ಳಾಕ ಬ್ಯಾಡ ಅಂತೇನು ಬಿಟ್ಟಿರಲಿಲ್ಲಪ. ಉಣ್ಣು, ರೊಟ್ಟಿ ಆರ್ತೈತಿ."

ಮುರುಗೇಶ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದ. ಆ ವಾರವೆಲ್ಲ ಲಾರಿ ಯಾರ್ಡಿನಲ್ಲೇ ಉಂಡ. ಶನಿವಾರ ಚೆನ್ನೈಗೆ ಫೋನು ಮಾಡಿ, ತುಂಡನ್ನು ತಂದರೆ ಮತ್ತೆ ಸೇರಿಸಬಹುದೇ ಎಂದು ಕೇಳಿದ. ಧಾರಾಳವಾಗಿ ಎಂದರು. ಮನೆಗೆ ಬಂದವನೇ ಸ್ಟೂಲು ಹಾಕಿ ಅಟ್ಟ ಹತ್ತಿದ. ಹಿತ್ತಾಳೆ ಹಂಡೆ, ತಳ ಒಡೆದ ಸ್ಟೌ, ಹಳೆ ಶ್ಯಾವಿಗೆ ಮಣೆ. ಡಬ್ಬಿ ಇರಲಿಲ್ಲ.

"ಪಂಪಾ, ಇಲ್ಲೊಂದು ದುಂಡಂದು ಡಬ್ಬಿ ಇತ್ತಲ್ಲ, ಚಪಟಿ?"

"ರೊಟ್ಟಿ ಡಬ್ಬಿ? ಸ್ಫೂರ್ತಿ ಹಾಸ್ಟೆಲ್‌ನ್ಯಾಗ ಐತಿ. ಖಡಕ್ ರೊಟ್ಟಿಗೆ ಅಳತಿ ತಗೊಂಡು ಮಾಡಿಸಿದಂಗ ಇತ್ತು. ಒಂದೂ ಮುರಿಯಂಗಿಲ್ಲ. ಶಿವರಾತ್ರಿ ಆದ ಮ್ಯಾಲೆ ನೀವೇ ಬಳ್ಳಾರಿಗೆ ಹೋಗಿ ಕೊಟ್ಟು ಬಂದ್ರೆಲ್ಲ!"

ಅವನಿಗೆ ನೆನಪಾಯಿತು. ಗಂಟು ಕಟ್ಟಿದ ಬಟ್ಟೆಯ ಚೀಲ. ಮೊಣಕಾಲಿನ ಮೇಲೆ ಜೋಪಾನವಾಗಿ ಇಟ್ಟುಕೊಂಡಿದ್ದ.

"ಒಳಗಿದ್ದದ್ದು?"

"ಅದೇನೋ ಕರೇ ಪಟ್ಟಿ ಸುರುಳಿ. ಹುಳಿ ವಾಸನಿ ಹೊಡೀತಿತ್ತು. ಒಗೀತೀನಿ ಅಂದೆ. ಅತ್ತಿ, ಸಂಡಿಗಿಗೆ ಆಗ್ತೈತಿ ತಾ ಅಂದ್ರು. ಅವರೇ ಕತ್ತರಿಸಿ ಕಟ್ಟಿದ್ರು. ಯಾಕ್ರಿ? ಏನಾತು?"

ಮುರುಗೇಶ ಮಾಳಿಗೆ ಹತ್ತಿದ. ಹಗ್ಗದ ಮೇಲೆ ಮೊಳಕ್ಕೊಂದು ಗಂಟು, ಗಂಟಿಗೊಂದು ಪಟ್ಟಿ. ಎರಡು ಸಲ ಅಡ್ಡಮಳೆ ಹೊಡೆದಿತ್ತು. ಪಟ್ಟಿಯ ಮೇಲೆ ಚಿತ್ರ ಹಿಡಿದಿದ್ದ ಅಂಟು ನೀರಿಗೆ ಉಬ್ಬಿ, ಬಿಸಿಲಿಗೆ ಬಿರಿದು, ಪದರು ಪದರಾಗಿ ಎದ್ದಿತ್ತು. ಮಿಕ್ಕ ಕಡೆ ಗಾಳಿ ತಂದ ಅದಿರಿನ ಧೂಳು ಮರಳುಕಾಗದದಂತೆ ಉಜ್ಜಿತ್ತು. ಒಂದೊಂದನ್ನೇ ಬೆಳಕಿಗೆ ಹಿಡಿದ. ಬುಟ್ಟಿ ಇತ್ತು, ಕೆಳಗೆ ತಲೆ ಇರಲಿಲ್ಲ. ಕಾಲುಗಳಿದ್ದವು, ಗುಡ್ಡ ಇರಲಿಲ್ಲ. ಜನರಿಗೆ ಹೇಳಿದ್ದ ಸುಳ್ಳು ಅವನ ಮನೆಯ ಮೇಲೆಯೇ ದಿನದಿನಕ್ಕೆ ನಿಜವಾಗುತ್ತ ಬಂದಿತ್ತು.

ಹಿಂದೆ ಹಂಪಮ್ಮ ಮೆಟ್ಟಿಲು ಹತ್ತಿ ಬಂದು ನಿಂತಿದ್ದಳು. ಅವನು ಹೇಳಬೇಕಾಗಲಿಲ್ಲ. ಅವನ ಕೈಯಿಂದ ಪಟ್ಟಿ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಸೂರ್ಯನ ಕಡೆ ಹಿಡಿದು ನೋಡಿದಳು.

"ಎಲಾ," ಎಂದಳು. "ಇದು ಕರೆಮ್ಮನ ಬೆನ್ನು."

"ಅವ್ವ, ನಾನು..."

"ನಾನೇ ಕತ್ತರಿಸೀನಲ್ಲೋ. ಈಳಿಗಿ ಮಣಿ ಮ್ಯಾಲೆ. ಕಣ್ಣು ಕಾಣ್ತಿರಲಿಲ್ಲ, ಕೈಗೆ ನುಣ್ಣಗ ಹತ್ತಿತು, ಕಾಗಿ ಅಂಜತಾವ ಅಂದ್ಕೊಂಡೆ." ಮುದುಕಿ ನಕ್ಕಳು. "ಅಂಜಿದ್ವು ನೋಡು."

ಮರುದಿನ ಭಾನುವಾರ. ಕಂಪ್ಲಿಯವರು ಹೇಳಿದಂತೆ ಬಂದರು. ಜೊತೆಗೆ ಹಾಲಸ್ವಾಮಿಯವರೂ ಇದ್ದರು. "ಇವರ ಬಳಗಕ್ಕ ನಾನೂ ಸೇರೀನ್ರಿ," ಎಂದು ನಕ್ಕರು. ಪಾಲಯ್ಯ ಕುರ್ಚಿಯ ತುದಿಯಲ್ಲಿ ಕೂತು, "ಸಿಕ್ತೇನ್ರಿ?" ಎಂದ.

ಮುರುಗೇಶ ಮೆಟ್ಟಿಲಿನ ಕಡೆ ತಿರುಗಿ, "ಮ್ಯಾಲೆ ಬರ್ರಿ" ಎಂದ.

ಮೆಟ್ಟಿಲ ಬಳಿ ಎಲ್ಲರೂ ಚಪ್ಪಲಿ ಬಿಟ್ಟರು. ಮಾಳಿಗೆಯಲ್ಲಿ ಆರು ಗಂಡಸರು ಸಂಡಿಗೆ ತುಳಿಯದಂತೆ ಪಂಚೆಯ ಅಂಚಿಗೆ ಸಾಲಾಗಿ ನಿಂತು ತಲೆಯೆತ್ತಿ ನೋಡಿದರು. ಮೂಕಣ್ಣನ ಬಾಯಿಯೂ ಮುಚ್ಚಿತ್ತು. ಹಂಪಮ್ಮ ಕೋಲು ಹಿಡಿದು ಮೂಲೆಯಲ್ಲಿ ಕೂತಿದ್ದಳು.

"ಇದು ಅದೇ ಏನ್ರಿ?" ಪಾಲಯ್ಯ ಕೇಳಿದ.

"ಅದೇ," ಎಂದ ಮುರುಗೇಶ. "ಕೆಟ್ಟಿರಲಿಲ್ಲ. ನಾ ತೆಗಿಸಿದೆ. ಇಲ್ಲಿ ಕೆಟ್ಟಿತು."

"ಯಾಕ ತೆಗಿಸಿದ್ರಿ?"

ಅವನು ಉತ್ತರಿಸುವ ಮೊದಲೇ ಹಾಲಸ್ವಾಮಿ ಒಂದು ಪಟ್ಟಿಯ ತುದಿ ಹಿಡಿದು ಕೂಗಿದರು. "ಇಲ್ನೋಡ್ರಿ! ಇಲ್ಲಿ ಉಳದೈತಿ! ಸಿಂಬಿ ಸುತ್ತಾಕಿ!" ಬೆರಳಿನಷ್ಟಗಲದ ಚೌಕದಲ್ಲಿ, ಗೀರುಗಳ ನಡುವೆ, ಒಂದು ಮುಖ ನಗುತ್ತಿತ್ತು. ಅವರು ಅದನ್ನೊಮ್ಮೆ ನೋಡಿದರು, ಮೂಲೆಯ ಮುದುಕಿಯನ್ನೊಮ್ಮೆ ನೋಡಿದರು. "ಅಮ್ಮಾರೇ... ಈ ಮೂಗು... ಇದು ನೀವೇನ್ರಿ?"

ಹಂಪಮ್ಮ ಮಗನ ಕಡೆ ನೋಡಿದಳು. ಹೊಸ ಕಣ್ಣಿನಿಂದ, ನೇರವಾಗಿ, ಅವನು ಹೇಳಲಿ ಎಂದು ಬೇಕಷ್ಟು ಹೊತ್ತು ನೋಡಿದಳು. ಮುರುಗೇಶ ಸಂಡಿಗೆಯ ಕಡೆ ನೋಡುತ್ತಿದ್ದ.

"ನಾ ಅಲ್ರಿ," ಎಂದಳು ಅವಳು. "ನಮ್ದು ಗದ್ದಿ ಮನೆತನ. ಅದು ಯಾರೋ ಕೂಲಿಯಾಕಿ."

ಕೆಳಗಿನಿಂದ ಪಂಪಾವತಿ ಊಟಕ್ಕೆ ಕರೆದಳು. ಗಂಡಸರು ಒಬ್ಬೊಬ್ಬರಾಗಿ ಇಳಿದರು. ಹಂಪಮ್ಮ ಕಾಗೆ ಬರುತ್ತವೆ ಎಂದು ಅಲ್ಲೇ ಕೂತಳು.

ಅನ್ನ, ಸಾರು, ಹುಗ್ಗಿ, ಕರಿದ ಸಂಡಿಗೆ. ಪಾಲಯ್ಯ ತಲೆ ತಗ್ಗಿಸಿ ಉಂಡ. ಹಾಲಸ್ವಾಮಿ ಒಂದು ಸಂಡಿಗೆ ಮುರಿದು ಬಾಯಿಗಿಟ್ಟು, "ಭಾಳ ಹಗುರ ಆಗ್ಯಾವ್ರಿ. ಯಾರ ಕೈದು?" ಎಂದರು.

"ನಮ್ಮವ್ವಂದ್ರಿ," ಎಂದ ಮುರುಗೇಶ.

ಎಲ್ಲರೂ ಕೇಳುವ ಹಾಗೆ, ಗಟ್ಟಿಯಾಗಿಯೇ ಹೇಳಿದ. ಬಡಿಸುತ್ತಿದ್ದ ಸ್ಫೂರ್ತಿ ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದಳು.